ಖಲಾಸ್ ಎಂಬ ಮಾತಿನ ಹಿಂದೆ ಮನಿಲಾಕ್ಕೆ

ಕುವೈತಿನಿಂದ ನಮ್ಮ ವಿಮಾನ ಹೊರಟದ್ದು ಮಧ್ಯಾಹ್ನ. ಆದರೆ ನೆನಪಿನಲ್ಲಿ ಅದು ಸಂಜೆಯಾಗಿಯೇ ಉಳಿದಿದೆ. ಕೆಳಗಿನ ಮರಳು ಅಷ್ಟು ಕಪ್ಪಾಗಿತ್ತು, ಅದಕ್ಕಿರಬೇಕು. ೧೯೯೧ರ ನವೆಂಬರ್. ಎಣ್ಣೆಬಾವಿಗಳ ಬೆಂಕಿಯೆಲ್ಲ ಆರಿತೆಂದು ಆಗಷ್ಟೇ ಸುದ್ದಿಯಾಗಿತ್ತು. ಕುವೈತ್ ನಗರದ ಮಿರ್ಕಾಬಿನಲ್ಲಿದ್ದ ನಮ್ಮ ಆಫೀಸಿನ ಗೋಡೆಗೆ ಎರಡು ಸಲ ಬಣ್ಣ ಬಳಿದರೂ ಮಸಿ ಮತ್ತೆ ಮತ್ತೆ ಮೇಲೆ ಬರುತ್ತಿತ್ತು.

ಯುದ್ಧದಲ್ಲಿ ಚದುರಿಹೋದ ಕೆಲಸಗಾರರ ಜಾಗಕ್ಕೆ ಹೊಸಬರನ್ನು ಆರಿಸಿ ತರಲು ಯಾರಾದರೂ ಮನಿಲಾಕ್ಕೆ ಹೋಗಬೇಕೆಂದು ಮ್ಯಾನೇಜರ್ ಹೇಳಿದಾಗ ನಾನೇ ಮೊದಲು ಕೈ ಎತ್ತಿದೆ. "ನಿಮಗೆ ಮೀನು ಸಿಕ್ಕಿದರೆ ಸಾಕು, ಎಲ್ಲಿಗೂ ಹೊರಡ್ತೀರಿ" ಎಂದು ಅವರು ನಕ್ಕರು. ನನಗೆ ಬೇಕಾಗಿದ್ದದ್ದು ಮೀನಲ್ಲ, ನೆಸ್ತೊರ್ ಎಂಬ ಅಡುಗೆಯವನು.

ನನ್ನ ತಂಗಿ ಜಲಜಾಳ ಗಂಡ ಸದಾನಂದ ನಗರದ ಹೊರಗಿನ ಸಬ್ಹಾನಿನ ಒಂದು ಲೇಬರ್ ಕ್ಯಾಂಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಕೆಲವು ಜಪಾನಿ ಎಂಜಿನಿಯರುಗಳಿದ್ದರು. ಅವರಿಗಾಗಿ ಅಡುಗೆ ಮಾಡುತ್ತಿದ್ದ ಫಿಲಿಪಿನೊನೇ ನೆಸ್ತೊರ್; ಕ್ಯಾಂಪಿಗೆ ಹೋದಾಗ ನಾನೂ ಅವನನ್ನು ಕಂಡಿದ್ದೆ. ೧೯೯೦ರ ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿದಾಗ ಜಲಜಾ ರಜೆಗೆಂದು ಪಡುಬಿದ್ರಿಗೆ ಹೋಗಿದ್ದಳು. ನಾನು ಮಿರ್ಕಾಬಿನಲ್ಲಿದ್ದೆ, ಭಾವ ಸಬ್ಹಾನಿನಲ್ಲಿ. "ನೀವು ಹೊರಡಿ ಭಾವ, ನಾನು ಮೆಸ್ಸಿನವರ ಜೊತೆ ಬರ್ತೇನೆ" ಎಂದು ಸದಾನಂದ ಫೋನಿನಲ್ಲಿ ಹೇಳಿದ್ದೇ ಅವನ ಕೊನೆಯ ಮಾತು. ಜೋರ್ಡಾನ್ ಗಡಿಯ ಡೇರೆಗಳಲ್ಲಿ ನಾನು ಊರಿಗೆ ಹೋಗುವ ಸರದಿ ಕಾಯುತ್ತಿದ್ದಾಗ ಫಿಲಿಪಿನೊಗಳ ಬಸ್ಸೊಂದು ಹಾದುಹೋಯಿತು. ಕಿಟಕಿಯಲ್ಲಿ ನೆಸ್ತೊರ್ ಕಂಡ. ಓಡಿದೆ. ಧೂಳಿನಲ್ಲಿ ಅವನು ಕೂಗಿದ ಎರಡೇ ಶಬ್ದ ಕೇಳಿಸಿತು: "ಸದಾನಂದ ಖಲಾಸ್!"

ಮುಗಿಯಿತು ಎನ್ನಲು ಕುವೈತಿನಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು ಅದು. ಕೆಲಸ ಖಲಾಸ್, ವೀಸಾ ಖಲಾಸ್, ಸಕ್ಕರೆ ಖಲಾಸ್. ಕಂಪನಿ ಬಿಟ್ಟು ಹೋದವನೂ ಖಲಾಸ್. ಊರಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಆಯುಸ್ಸು ಸವೆಸಿದ ದೊಡ್ಡ ಮಾವನಿಗೆ ಆ ಶಬ್ದಕ್ಕೆ ಒಂದೇ ಅರ್ಥ, ಸಾವು. "ಇನ್ನು ಎಂತ ಕಾಯುವುದು? ಬೊಜ್ಜ ಮಾಡಿ ಮುಗಿಸುವ" ಎಂದರು ಅವರು. ನಮ್ಮಲ್ಲಿ ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಜಲಜಾ ಒಪ್ಪಲಿಲ್ಲ. ಆರು ವರ್ಷ ಕುವೈತಿನಲ್ಲಿ ಸಂಸಾರ ಮಾಡಿದವಳು ಅವಳು. "ಕ್ಯಾಂಪು ಖಲಾಸ್ ಆಗಿ ಬೇರೆ ಕಡೆ ಹೋಗಿದ್ರೂ ಹಾಗೇ ಹೇಳ್ತಾರೆ ಮಾವ" ಎಂದಳು. ಕರಿಮಣಿ ಕತ್ತಿನಲ್ಲೇ ಉಳಿಯಿತು. ನಾನು ಕೆಲಸಕ್ಕೆ ಮರಳಿದ ಮೇಲೆ ರಾಯಭಾರ ಕಚೇರಿಯಲ್ಲೂ ವಿಚಾರಿಸಿದೆ. ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ, ಬದುಕಿದವರದ್ದರಲ್ಲೂ ಇಲ್ಲ, ಸತ್ತವರದ್ದರಲ್ಲೂ ಇಲ್ಲ.

ನೆಸ್ತೊರ್ ಮನಿಲಾದ ಮಕಾಟಿ ಎಂಬ ಕಡೆ ಜಪಾನಿ ಊಟದ ಅಂಗಡಿ ಇಟ್ಟಿದ್ದಾನೆಂದು ಸಬ್ಹಾನಿಗೆ ಮರಳಿದ ಡ್ರೈವರನೊಬ್ಬ ಹೇಳಿದ. ಹೊರಡುವ ಮುನ್ನ ಜಲಜಾಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ. "ಅಣ್ಣ, ಆ ಶಬ್ದವನ್ನೇ ಪುನಃ ತಕೊಂಡು ಬರ್ಬೇಡ. ಉಂಟಾ ಇಲ್ವಾ ಅಂತ ನಮ್ಮ ಭಾಷೆಯಲ್ಲಿ ಹೇಳುವ ಹಾಗೆ ಕೇಳಿಕೊಂಡು ಬಾ."

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಮನಿಲಾ ತಲುಪಿದಾಗ ಬೆಳಕು ಹರಿದಿತ್ತು. ಸಣ್ಣ ಮಳೆ, ಬೆವರು, ನಮ್ಮ ಕರಾವಳಿಯ ಸೆಖೆ. ಜೂನಿನಲ್ಲಿ ಸಿಡಿದ ಜ್ವಾಲಾಮುಖಿಯ ಬೂದಿ ಈಗಲೂ ತಗಡಿನ ಮಾಡುಗಳ ಸಂದಿಯಲ್ಲಿದೆ ಎಂದು ಟ್ಯಾಕ್ಸಿಯವನು ತೋರಿಸಿದ. ನನ್ನ ಶರ್ಟಿನ ಕಾಲರಿನಲ್ಲಿ ಕುವೈತಿನ ಮಸಿ ಇನ್ನೂ ಇತ್ತು. ಅದನ್ನು ನಾನೂ ತೋರಿಸಿದೆ. ಇಬ್ಬರೂ ನಕ್ಕೆವು.

ಮೊದಲ ದಿನ ಏಜೆಂಟರ ಆಫೀಸಿನಲ್ಲಿ ಸಾಲುಗಟ್ಟಿದ್ದ ಹುಡುಗರನ್ನು ಮಾತಾಡಿಸುವುದರಲ್ಲೇ ಕಳೆಯಿತು. ಯುದ್ಧ ಪೂರ್ತಿ ಮುಗಿದಿದೆಯೇ ಎಂದು ಎಲ್ಲರೂ ಕೇಳಿದರು. ಮುಗಿದಿದೆ ಎಂದು ಎಲ್ಲರಿಗೂ ಹೇಳಿದೆ.

ಎರಡನೆಯ ದಿನ ಮಧ್ಯಾಹ್ನ ಜೀಪ್ನಿ ಹತ್ತಿದೆ. ಹಳೆಯ ಮಿಲಿಟರಿ ಜೀಪಿನ ಮುಖಕ್ಕೆ ಬಸ್ಸಿನ ಮೈ ಜೋಡಿಸಿದಂಥ ವಾಹನ. ಚಿಲ್ಲರೆ ಕೈಯಿಂದ ಕೈಗೆ ದಾಟಿ ಡ್ರೈವರನನ್ನು ಮುಟ್ಟುತ್ತದೆ. ಮಕಾಟಿಯ ದೊಡ್ಡ ಕಟ್ಟಡಗಳ ಹಿಂದೆ ಇಳಿದು ಒಂದು ಗಲ್ಲಿಗೆ ತಿರುಗಿದರೆ ನೀಲಿ ಪರದೆ ಇಳಿಬಿಟ್ಟ ಸಣ್ಣ ಸಣ್ಣ ಜಪಾನಿ ಅಂಗಡಿಗಳು. ಬಾಗಿಲಲ್ಲಿ ಕಾಗದದ ದೀಪ, ಪಕ್ಕದಲ್ಲೇ ಟೈರ್ ರಿಪೇರಿ. ದೊಡ್ಡ ಹೋಟೆಲಿನ ಜಪಾನಿ ಊಟ ಸಾಹೇಬರಿಗೆ. ಇಲ್ಲಿ ಉಣ್ಣುತ್ತಿದ್ದವರು ಗುಮಾಸ್ತರು, ಡ್ರೈವರುಗಳು, ಟೈ ಸಡಿಲಿಸಿದ ಒಬ್ಬಿಬ್ಬರು ಜಪಾನಿ ಮುದುಕರು. ಅನ್ನ, ಸೂಪು, ಸುಟ್ಟ ಮೀನು, ಉಪ್ಪಿನಲ್ಲಿಟ್ಟ ತರಕಾರಿ ಸೇರಿ ಐವತ್ತು ಪೆಸೊ. ನಮ್ಮ ಲೆಕ್ಕದಲ್ಲಿ ಅರ್ಧ ದಿನಾರ್.

ಮೂರನೆಯ ಅಂಗಡಿಯಲ್ಲಿ ನೆಸ್ತೊರ್ ಇದ್ದ. ಕೆಂಡದ ಮುಂದೆ ಬೀಸಣಿಗೆ ಹಿಡಿದಿದ್ದ. ಮುಖ ಗುರುತಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನನಗೂ ಬೇಕಾಗಿತ್ತು. ನೆನಪಿನಲ್ಲಿದ್ದವನು ಇನ್ನೂ ಎತ್ತರದವನು.

"ಸಬ್ಹಾನ್! ಸದಾನಂದ ಭಾಯಿಯ ಅಣ್ಣ!" ಎಂದ. ಅಣ್ಣ, ಭಾವ ಎಂಬ ವ್ಯತ್ಯಾಸ ಅವನಿಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ, "ಮೊದಲು ಊಟ ಸದೀಕ್. ಈಗ ರಶ್. ಆಮೇಲೆ ಮಾತು" ಎಂದು ಹೆಗಲು ಒತ್ತಿ ಕೂರಿಸಿದ. ಗುರುತಿನವರನ್ನು ಕುವೈತಿನಲ್ಲಿ ಎಲ್ಲರೂ ಸದೀಕ್ ಎಂದೇ ಕರೆಯುವುದು. ಹಿಂದಿ, ಅರಬ್ಬಿ, ಇಂಗ್ಲಿಷು ಬೆರೆತ ಅಲ್ಲಿಯ ಭಾಷೆಯಲ್ಲೇ ನಾವು ಮಾತಾಡಿದೆವು. ಅದನ್ನು ಕನ್ನಡಕ್ಕೆ ತರುವಾಗ ನನ್ನದೆಷ್ಟು ಸೇರಿದೆಯೋ ಹೇಳಲಾರೆ. ಆದರೆ 'ಆಮೇಲೆ' ಎಂದು ಅವನು ಹೇಳಿದಾಗ ನನಗೆ ಸಮಾಧಾನವೇ ಆಯಿತು.

ತಟ್ಟೆಯಲ್ಲಿ ಬಂದ ಮೀನು ಬಂಗುಡೆ. ಉಪ್ಪು ಸವರಿ ಕೆಂಡದಲ್ಲಿ ಸುಟ್ಟದ್ದು, ಅಷ್ಟೇ. ಮೆಣಸಿಲ್ಲ, ಹುಳಿಯಿಲ್ಲ. ಆದರೂ ಬಂಗುಡೆ ಬಂಗುಡೆಯೇ. ಪಕ್ಕದ ಬಟ್ಟಲಲ್ಲಿ ಅಂಟಂಟು ಅನ್ನ, ಸಣ್ಣ ತಟ್ಟೆಯಲ್ಲಿ ಉಪ್ಪಿನಲ್ಲಿಟ್ಟು ಸುಕ್ಕುಗಟ್ಟಿದ ಒಂದು ಕೆಂಪು ಕಾಯಿ. ಕಡ್ಡಿಗಳಿಂದ ಎರಡು ತುತ್ತು ಹೇಗೋ ಎತ್ತಿದೆ. ಬಂಗುಡೆಯ ಮುಳ್ಳು ಬಿಡಿಸಲು ಮಾತ್ರ ನಮ್ಮ ಕಡೆಯವರಿಗೆ ಬೆರಳೇ ಬೇಕು. ಕಡ್ಡಿಗಳನ್ನು ಗದ್ದೆಗೆ ಗೂಟ ನೆಟ್ಟ ಹಾಗೆ ಅನ್ನದ ನಡುವೆ ನೆಟ್ಟು ಮೀನಿಗೆ ಕೈ ಹಾಕಿದೆ.

ಬೀಸಣಿಗೆ ಬಿಸಾಡಿ ನೆಸ್ತೊರ್ ಬಂದವನೇ ಕಡ್ಡಿಗಳನ್ನು ಕಿತ್ತ.

"ಹೀಗೆ ನೆಡಬಾರದು ಸದೀಕ್! ಇದು ಉಣ್ಣುವವರ ಅನ್ನ."

"ಕೈಯಲ್ಲಿ ತಿನ್ನಬಾರದಾ?"

"ಕೈಯಲ್ಲಿ ತಿನ್ನು, ಕಾಲಲ್ಲಿ ತಿನ್ನು, ಇಲ್ಲಿ ಕೇಳುವವರಿಲ್ಲ. ಕಡ್ಡಿ ನೆಡಬೇಡ. ಜಪಾನಿಗಳು ಕಡ್ಡಿ ನೆಟ್ಟು ಇಡುವುದು ಸತ್ತವರಿಗೆ." ಕಡ್ಡಿಗಳನ್ನು ಏಪ್ರನ್ನಿಗೆ ಒರೆಸುತ್ತಾ ನಿಂತ. ಆಮೇಲೆ ದನಿ ತಗ್ಗಿಸಿ ಹೇಳಿದ: "ನಾನು ಒಂದೇ ಸಲ ಹಾಗೆ ನೆಟ್ಟದ್ದು. ನಿಮ್ಮ ಸದಾನಂದನಿಗೆ."

ನನ್ನ ಬೆರಳಿನಲ್ಲಿ ಮೀನಿನ ಮುಳ್ಳಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವನು ಕೆಂಡವನ್ನು ಇನ್ನೊಬ್ಬನಿಗೆ ಒಪ್ಪಿಸಿ ಎದುರು ಕುಳಿತ. ಕ್ಯಾಂಪಿನಲ್ಲಿ ಕೊನೆಗೆ ಉಳಿದದ್ದು ಅಕ್ಕಿ ಮತ್ತು ಜಪಾನಿಗಳು ಬಿಟ್ಟುಹೋದ ಒಂದು ಜಾಡಿ ಕೆಂಪು ಕಾಯಿ. ಜಪಾನಿಗಳು ಕಾಯಿಲೆಯವರಿಗೆ ಮಾಡುವ ತೆಳ್ಳನೆಯ ಅನ್ನವನ್ನು ನೆಸ್ತೊರ್ ಎಲ್ಲರಿಗೂ ಬೇಯಿಸಿ ಹಾಕಿದ. "ಸದಾನಂದ ಕುಡಿದು ನೋಡಿ, 'ಇದು ಗಂಜಿ ಮಾರಾಯ! ಜಪಾನ್ ಅಂದ್ರೆ ನಮ್ಮ ಉಡುಪಿಯಾ?' ಅಂದ. ಆಮೇಲೆ ಕ್ಯಾಂಪಿನಲ್ಲಿ ಎಲ್ಲರೂ ಗಂಜಿ ಎಂದೇ ಹೇಳಿದ್ದು. ಗಂಜಿ ಮಾರಾಯ, ಗಂಜಿ ಮಾರಾಯ." ಭಾವನ ಬಾಯಿಯ ಮಾರಾಯ, ಅದೇ ಎಳೆತ. ನಾನು ತಲೆ ತಗ್ಗಿಸಿದೆ.

ಸದಾನಂದನಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ಮುಗಿಯಿತು. ಇಬ್ಬರು ಹೋಗಿ ಹುಡುಕಿದರು, ಎಲ್ಲೂ ಸಿಗಲಿಲ್ಲ.

"ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದ. ಆ ಕಾಯಿಯನ್ನು ನಾಲಗೆಗೆ ಹಚ್ಚಿದೆ, ಚೀಪಿದ. ಮಧ್ಯಾಹ್ನ ಖಲಾಸ್. ಆಸ್ಪತ್ರೆಗೆ ಒಯ್ದೆವು. ದೇಹ ಅಲ್ಲೇ ಉಳಿಯಿತು. ಮರುದಿನ ನಮ್ಮ ಟ್ರಕ್ ಹೊರಟಿತು."

"ಟ್ರಕ್ಕಾ? ನಾನು ನಿನ್ನನ್ನು ನೋಡಿದ್ದು ಬಸ್ಸಿನಲ್ಲಿ."

"ಟ್ರಕ್. ಕಿಟಕಿ ಎಲ್ಲಿಯದು? ನಾನು ಹಿಂದೆ ನಿಂತಿದ್ದೆ." ಅವನು ನನ್ನನ್ನೇ ನೋಡಿದ. "ಹೇಳಿದ್ದೆನಲ್ಲ, ಕೂಗಿ ಹೇಳಿದ್ದೆನಲ್ಲ? ನಿಮಗೆ ಗೊತ್ತಾಗಿದೆ ಅಂತಲೇ ನಾನು ತಿಳಿದದ್ದು."

ಅವನು ತಟ್ಟೆಯ ಕೆಂಪು ಕಾಯಿಯನ್ನು ನನ್ನತ್ತ ಸರಿಸಿದ. "ಅದೇ ಇದು. ತಿನ್ನು." ಬಾಯಿಗಿಟ್ಟೆ. ಉಪ್ಪು, ಆಮೇಲೆ ಕಣ್ಣು ಮುಚ್ಚಿಸುವ ಹುಳಿ. ನಮ್ಮ ಮಿಡಿ ಉಪ್ಪಿನಕಾಯಿಯ ಖಾರ ತೊಳೆದುಬಿಟ್ಟ ಹಾಗೆ. ಊಟದ ದುಡ್ಡನ್ನು ಅವನು ತೆಗೆದುಕೊಳ್ಳಲಿಲ್ಲ.

ಮನಿಲಾದಿಂದಲೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕುವೈತಿಗೆ ಮರಳಿದ ಮರುದಿನ ಸಬ್ಹಾನಿಗೆ ಹೋದೆ. ಕ್ಯಾಂಪಿನ ಗೇಟು ತೆರೆದೇ ಇತ್ತು. ಲೂಟಿಯಾದ ಅಡುಗೆಮನೆಯಲ್ಲಿ ಒಲೆಯಿಲ್ಲ, ನಲ್ಲಿಯಿಲ್ಲ, ಕಿಟಕಿಯ ಚೌಕಟ್ಟೂ ಇಲ್ಲ. ಕಡ್ಡಿ ನೆಟ್ಟ ಅನ್ನದ ಬಟ್ಟಲನ್ನು ಯಾವ ಮೂಲೆಯಲ್ಲಿ ಇಟ್ಟಿದ್ದನೆಂದು ನೆಸ್ತೊರ್‌ನನ್ನು ಕೇಳಲು ಮರೆತಿದ್ದೆ. ನಾಲ್ಕು ಮೂಲೆಗಳನ್ನೂ ನೋಡಿ ಹೊರಗೆ ಬಂದೆ.

ನಗರಕ್ಕೆ ಮರಳಿ ಶರ್ಕಿನ ಫೋನ್ ಬೂತಿನಿಂದ ಊರಿಗೆ ಮಾತಾಡಿದೆ. ಫೋನಿದ್ದ ಪಕ್ಕದ ಮನೆಯವರು ಜಲಜಾಳನ್ನು ಕರೆತಂದರು. ಅವಳ ಉಸಿರು ಕೇಳಿಸಿತು. ತುಳುವಿನಲ್ಲಿ ಹೇಳಿದೆ: "ಭಾವೆ ತೀರ್‌ದ್ ಪೋಯೆರ್." ಭಾವ ತೀರಿಹೋದರು. ಆ ವಾಕ್ಯಕ್ಕೆ ಎರಡನೆಯ ಅರ್ಥವಿರಲಿಲ್ಲ.

ಅವಳು ಕೇಳಿದ್ದು, "ಕಡೆಗೆ ಎಂತ ಉಂಡಿದ್ರು?"

"ಗಂಜಿ."

"ಉಪ್ಪಿನಕಾಯಿ ಇತ್ತಾ?"

"ಇತ್ತು" ಎಂದೆ.

ಅದು ಬಸ್ಸೋ ಟ್ರಕ್ಕೋ, ವಿಮಾನ ಹೊರಟದ್ದು ಮಧ್ಯಾಹ್ನವೋ ಸಂಜೆಯೋ, ಇವಕ್ಕೆಲ್ಲ ನಾನು ಆಣೆ ಹಾಕಲಾರೆ. ಇದೊಂದಕ್ಕೆ ಹಾಕಬಲ್ಲೆ. ಅದರ ಹುಳಿ ನನ್ನ ನಾಲಗೆಯ ಮೇಲೂ ಇದೆ.

"ಹಾಗಾದ್ರೆ ಮಾವನಿಗೆ ಹೇಳ್ತೇನೆ" ಎಂದಳು ಜಲಜಾ. "ಬೊಜ್ಜದ ದಿನ ಅವರ ಎಲೆಗೆ ಅದನ್ನೂ ಬಡಿಸುವ."