ದಿಲ್ಲಿಯ ದುಂಡು ಭವನದ ಹೊರಗೆ ಅಣ್ಣ

೧೯೭೩ರ ಡಿಸೆಂಬರಿನಲ್ಲಿ ಹೊಸದುರ್ಗ ತಾಲ್ಲೂಕಿನ ಕುರಿ ಸಾಕುವವರು ಕೆಲವರು ಸೇರಿ ದಿಲ್ಲಿ ನೋಡಲು ಹೊರಟೆವು. ನಮ್ಮೂರು ಬಾಗೂರಿನಿಂದ ಬಸ್ಸಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಮದ್ರಾಸು, ಆಮೇಲೆ ದಿಲ್ಲಿ. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಮುಂದಾಳು. ಸಂಸತ್ ಭವನದ ಒಳಗೆ ಹೋಗಲು ಪಾಸು ಸಿಗುವಂತೆ ಅವರು ಮೊದಲೇ ಬರೆದು ಕೇಳಿಕೊಂಡಿದ್ದರು.

ನನ್ನ ಜೊತೆ ಅಣ್ಣ ಕರಿಯಪ್ಪನೂ ಇದ್ದ. ಚಿಕ್ಕಂದಿನಲ್ಲಿ ಸಿಡುಬು ಎದ್ದು ಅವನ ಎರಡೂ ಕಣ್ಣು ಹೋಗಿವೆ. ಊರ ಹೋಟೆಲಿನ ರೇಡಿಯೊದಲ್ಲಿ ವಾರ್ತೆ ಕೇಳಿ ಕೇಳಿ, ಲೋಕಸಭೆಯಲ್ಲಿ ಯಾರಿಗೆ ಯಾರು ಎದುರು ಎಂಬುದೆಲ್ಲ ಅವನಿಗೆ ಬಾಯಿಪಾಠ.

"ಕಣ್ಣಿಲ್ದೋನು ದಿಲ್ಲೀಲಿ ಏನು ನೋಡ್ತೀಯೋ ಕರಿಯಣ್ಣ?" ಎಂದು ಬಸ್ಸಿನಲ್ಲೇ ಒಬ್ಬ ಕೆಣಕಿದ.

"ನೋಡಾಕೆ ನೀವು ಹೋಗ್ರಪ್ಪ, ನಾನು ಕೇಳಾಕೆ ಹೊಂಟೀನಿ," ಎಂದ ಅಣ್ಣ. "ಅಷ್ಟು ಜನ ಒಂದೇ ಮನೇಲಿ ಕುಂತು ಜಗಳ ಆಡ್ತಾರಂತೆ, ಆದ್ರೂ ಹೊಡೆದಾಡಲ್ವಂತೆ. ನಮ್ಮೂರಾಗೆ ಅದು ಎಲ್ಲೈತೆ? ಒಂದು ಸಲ ಕಿವಿಯಾರೆ ಕೇಳ್ಬೇಕು."

ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿ ನಾಗಪುರದ ಹೊತ್ತಿಗೆ ಮುಗಿದವು. ಅಲ್ಲಿ ಕಿತ್ತಳೆ ಕೊಂಡು ತಿಂದೆವು. ದಿಲ್ಲಿಯ ಚಳಿಗೆ ನಮ್ಮ ಕಂಬಳಿಗಳೂ ಸಾಲಲಿಲ್ಲ. ದಾರಿಯುದ್ದಕ್ಕೂ ಅಣ್ಣ ನನ್ನ ಭುಜ ಹಿಡಿದೇ ನಡೆಯುತ್ತಿದ್ದ. ಮೊದಲ ದಿನ ಕುತುಬ್ ಮಿನಾರಿಗೆ ಹೋದಾಗ ಎಲ್ಲರೂ ಮೇಲೆ ಹತ್ತಿದರು, ನಾನು ಅವನ ಜೊತೆ ಕೆಳಗೇ ಕೂತೆ. ಇಳಿದು ಬಂದವರು ಮೇಲಿಂದ ಕಂಡದ್ದನ್ನೆಲ್ಲ ಹೇಳಿಕೊಂಡು ನಗುತ್ತಿದ್ದರೆ ನಾನು ಮಿನಾರಿನ ತುದಿಯನ್ನೇ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಸಂಸತ್ ಭವನಕ್ಕೆ ಹೋದೆವು. ಅಷ್ಟು ದೊಡ್ಡ ದುಂಡು ಕಟ್ಟಡವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಕೆಳಗೆ ಕೆಂಪು ಕಲ್ಲಿನ ಗೋಡೆ, ಅದರ ಮೇಲೆ ಸುತ್ತಲೂ ಕೆನೆಬಣ್ಣದ ಕಂಬಗಳು. ಕಂಬಗಳು ನೂರ ನಲವತ್ತನಾಲ್ಕು ಎಂದು ಮೇಷ್ಟ್ರು ಹೇಳಿದರು. ಇಂಗ್ಲಿಷರು ತಮ್ಮ ಆಳ್ವಿಕೆಗೆಂದು ಕಟ್ಟಿಸಿ ೧೯೨೭ರಲ್ಲಿ ತೆರೆದದ್ದು, ಇಪ್ಪತ್ತು ವರ್ಷಕ್ಕೆ ನಮ್ಮದಾಯಿತು ಎಂದೂ ಹೇಳಿ, ಪಾಸು ಹಂಚಿ ಅವರು ಉಳಿದವರನ್ನು ಕರೆದುಕೊಂಡು ಮುಂದೆ ಹೋದರು.

ಬಾಗಿಲಲ್ಲಿ ಕಾವಲುಗಾರ ಅಣ್ಣನ ಕೋಲು ನೋಡಿ ತಡೆದ. ಕುರಿ ವ್ಯಾಪಾರಕ್ಕೆ ಚಿತ್ರದುರ್ಗಕ್ಕೆ ಹೋಗಿ ಬಂದು ನನಗೆ ಉರ್ದು ಅಷ್ಟಿಷ್ಟು ಬರುತ್ತಿತ್ತು, ಹಾಗಾಗಿ ಅವನ ಹಿಂದಿ ತಿಳಿಯಿತು. ಅಣ್ಣನಿಗೆ ಬರುತ್ತಿರಲಿಲ್ಲ. ಕೋಲು ಇಲ್ಲಿಡಿ, ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ ಎಂದು ಕಾವಲುಗಾರ ಮರ್ಯಾದೆಯಿಂದಲೇ ಹೇಳಿದ.

"ಏನಂತಾನೋ?" ಎಂದ ಅಣ್ಣ.

"ಕಣ್ಣಿಲ್ದೋರನ್ನ ಬಿಡಲ್ವಂತೆ," ಎಂದೆ.

ಅಣ್ಣ ಕೋಲು ಹಿಂದಕ್ಕೆ ಎಳೆದುಕೊಂಡ. "ಕಾನೂನು ಮಾಡೋ ಮನೆ. ಬಾಗಿಲಾಗೇ ಕಾನೂನು ಮುರಿಯಾಕಾಗ್ತದಾ? ನೀನು ಹೋಗು," ಎಂದ. ಅಣ್ಣನಿಗೆ ಮೈ ಸರಿಯಿಲ್ಲ, ಇಲ್ಲೇ ಇರುತ್ತಾನೆ ಎಂದು ಕಾವಲುಗಾರನಿಗೆ ಹೇಳಿ ಒಳಗೆ ಹೋದೆ.

ಮೊದಲು ಸಂವಿಧಾನ ರೂಪುಗೊಂಡ ನಡುಮನೆ, ಸೆಂಟ್ರಲ್ ಹಾಲ್ ತೋರಿಸಿದರು. ತಲೆಯ ಮೇಲೆ ಭಾರಿ ಗುಮ್ಮಟ. ಫ್ಯಾನುಗಳು ಮೇಲಿಂದ ತೂಗದೆ ನೆಲದಿಂದ ಎದ್ದ ಕಂಬಗಳ ತುದಿಯಲ್ಲಿದ್ದವು. ಆಮೇಲೆ ಲೋಕಸಭೆಯ ಗ್ಯಾಲರಿಯಲ್ಲಿ ಕೂತೆವು. ಕೆಳಗೆ ಹಸಿರು ಜಮಖಾನ, ಲಾಳದ ಆಕಾರಕ್ಕೆ ಬಾಗಿದ ಆಸನಗಳ ಸಾಲು. ಯಾರೋ ಎದ್ದು ಜೋರಾಗಿ ಮಾತಾಡಿದರು, ಎದುರಿನಿಂದ ಹತ್ತು ಜನ ಕೂಗಿದರು. ಯಾರು, ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಅಣ್ಣ ಪಕ್ಕದಲ್ಲಿದ್ದಿದ್ದರೆ ಕರೆಯುವ ಹೆಸರು ಕೇಳಿಯೇ ಯಾರು ಯಾವ ಕಡೆಯವರೆಂದು ಕಿವಿಯಲ್ಲಿ ಹೇಳುತ್ತಿದ್ದ.

ಹೊರಗೆ ಬಂದಾಗ ಅಣ್ಣನ ಮುಖ ಅರಳಿತ್ತು.

"ಆ ಕಾವಲಿನ ಪುಣ್ಯಾತ್ಮ ನನ್ನ ಕೈ ಹಿಡ್ದು ಗೋಡೆಗುಂಟ ನಡೆಸಿದ ಕಣೋ. ಎಷ್ಟು ನಡೆದ್ರೂ ಮೂಲೆನೇ ಸಿಗ್ಲಿಲ್ಲ! ಆಮೇಲೆ ಬಾಗಿಲ ತಾವ ತಂದು ಒಳಗೆ ಬಾ ಅಂತ ಎಳೆದ. ನಾನೇ ಒಲ್ಲೆ ಅಂದೆ. ನನ್ನಿಂದ ಪಾಪ ಅವನ ನೌಕರಿ ಹೋದ್ರೆ? ಅದಿರಲಿ, ಒಳಗೆ ಜಗಳ ಹೆಂಗಿತ್ತು, ಹೇಳು."

ನಾನು ಜಮಖಾನದ ಬಣ್ಣ ಹೇಳಿದೆ.

ವಾಪಸು ಬರುವಾಗ ರೈಲಿನಲ್ಲಿ ಎರಡು ಮೂರು ಸಲ ನಿಜ ಹೇಳಲು ಹೋಗಿ, ಚಳಿಯಾಗ್ತದಾ ಎಂದು ಕೇಳಿದೆ. ಬಾಗೂರಿನಲ್ಲಿ ಇಳಿದಾಗ ಹೋಟೆಲಿನ ಮುಂದೆ ಜನ ಸೇರಿದರು. ಅಣ್ಣನನ್ನು ಒಳಗೆ ಬಿಡಲಿಲ್ಲ ಎಂದು ಕೇಳಿ ಒಬ್ಬ ರೇಗಿದ: "ಓಟು ಹಾಕಾಕೆ ಕುರುಡರು ಬೇಕು, ಒಳಗೆ ಕೂರಾಕೆ ಬ್ಯಾಡ್ವಾ?"

"ಅಂಗನ್ಬ್ಯಾಡ್ರೋ. ಅಷ್ಟು ದೊಡ್ಡ ಮನೆ ಅಂದ್ಮೇಲೆ ಒಂದು ಕಟ್ಟಳೆ ಇರ್ತೈತೆ," ಎಂದು ಅಣ್ಣ ಆ ಮನೆಯ ಪರವಾಗಿ ವಾದಕ್ಕೆ ನಿಂತ.

ನನಗೆ ತಡೆಯಲಾಗಲಿಲ್ಲ. "ಅವರು ಬಿಟ್ಟಿದ್ರು. ನಾನೇ ಸುಳ್ಳು ಹೇಳ್ದೆ. ಒಬ್ಬನೇ ನೋಡ್ಬೇಕು ಅನ್ನಿಸ್ತು," ಎಂದೆ.

ಭುಜದ ಮೇಲಿದ್ದ ಅಣ್ಣನ ಕೈ ಒಂದು ಗಳಿಗೆ ಹಾಗೇ ಇತ್ತು.

"ಬಾಯಿಬಿಟ್ಟು ಕೇಳಿದ್ರೆ ನಾನೇ ಹೊರಗೆ ಕೂರ್ತಿದ್ನಲ್ಲೋ," ಎಂದ ಮೆಲ್ಲಗೆ.

ಆಮೇಲೆ ಕೈ ತೆಗೆದು, ಕೋಲು ಊರಿಕೊಂಡು ಮನೆಯ ಕಡೆ ಒಬ್ಬನೇ ಹೊರಟ. ಇಬ್ಬರ ಗಂಟನ್ನೂ ಹೊತ್ತು ನಾನು ಹಿಂದೆ ನಡೆದೆ.