ಏಡಿ ಒಡೆಯುವ ಹಲ್ಲು

‘ಹಲ್ಲು ನೋವು ಬಂದರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು’ ಎಂದು ಎಂಟನೇ ತರಗತಿಯ ಮಕ್ಕಳಿಗೆ ನೋಟ್ಸ್ ಬರೆಸುತ್ತಿದ್ದಾಗ ನನ್ನ ಎಡದವಡೆಯಲ್ಲಿ ಎರಡು ಲವಂಗಗಳಿದ್ದವು. ಇದನ್ನು ಈವರೆಗೆ ಯಾರಲ್ಲೂ ಹೇಳಿಲ್ಲ. ನಿಮ್ಮಲ್ಲಿ ಹೇಳುತ್ತಿರುವುದು ನೀವು ನಮ್ಮ ಹೆಡ್‌ಮಾಸ್ತರರ ಕಿವಿಗೆ ಹಾಕಲಾರಿರಿ ಎಂಬ ಧೈರ್ಯದಿಂದ. ಲವಂಗ ಕಚ್ಚಿಕೊಂಡು ‘ದಂತ’ ಎಂದು ಹೇಳುವುದು ಸುಲಭದ ಕೆಲಸವಲ್ಲ. ಅರ್ಧ ಮಕ್ಕಳು ಏನೇನೋ ಬರೆದುಕೊಂಡರು. ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಮಾಸ್ತರನ ಕತೆ ಇದು.

ನೋವಿನ ಮೂಲ ಒಂದು ಏಡಿ. ನಮ್ಮ ಅವರ್ಸಾದ ಮನೆಯಲ್ಲಿ ಏಡಿಯ ಸಾರು ಮಾಡಿದ ದಿನ ಅದರ ಕಚ್ಚುವ ದೊಡ್ಡ ಕಾಲುಗಳನ್ನು ಹಲ್ಲಿನಿಂದ ಒಡೆದು, ಒಳಗಿನ ಬಿಳಿ ಮಾಂಸ ತೆಗೆದು ಎಲ್ಲರಿಗೂ ಹಂಚುವುದು ಮನೆಯ ಗಂಡಸಿನ ಕೆಲಸ. ಅಪ್ಪ ಇರುವವರೆಗೆ ಅಪ್ಪ ಒಡೆಯುತ್ತಿದ್ದ. ಕುಡುಮ್ ಎಂದು ಒಂದೇ ಸಲಕ್ಕೆ ಬಾಯಿಬಿಡುತ್ತಿದ್ದ ಕಾಲನ್ನು ನೋಡಿ, ನಾವು ಮಕ್ಕಳು ಅಪ್ಪನ ಎದುರು ಮಾತಾಡಲು ಹೆದರುತ್ತಿದ್ದೆವು. ಇಪ್ಪತ್ತಾರು ವರ್ಷದ ಹಿಂದೆ, ಅಪ್ಪನ ನಂತರ, ಆ ಪದವಿ ನನಗೆ ಬಂತು. ಅವ್ವನಿಗೆ ಈಗ ಎಂಬತ್ತೆರಡು, ಬಾಯಲ್ಲಿ ಒಂದು ಹಲ್ಲೂ ಇಲ್ಲ, ಏಡಿಯ ಆಸೆ ಮಾತ್ರ ಹಾಗೇ ಇದೆ. ಪ್ರತಿ ಸಲವೂ ಮೊದಲ ಕಾಲು ಒಡೆದು ಅವಳ ತಟ್ಟೆಗೆ ಹಾಕುವುದರಲ್ಲಿ ನನಗೊಂದು ಹೆಮ್ಮೆ. ಹೆಮ್ಮೆಪಡಲು ನನ್ನಲ್ಲಿ ಬೇರೆ ಅಂಥದ್ದೇನೂ ಇಲ್ಲ ಎನ್ನುವುದೂ ನಿಜ.

ಹೋದ ಚಳಿಗಾಲದಲ್ಲಿ ಹೆಂಡತಿ ಶೈಲಾ ನಾಲ್ಕು ದಿನ ಹಟ್ಟಿಕೇರಿಯ ತವರಿಗೆ ಹೋಗಿದ್ದಳು. ಅವ್ವ ಏಡಿ ಬೇಕೆಂದಳು. ನಾನೇ ಮಾಡಿದೆ. ಶೈಲಾ ಫೋನಿನಲ್ಲಿ “ಹೋಯ್, ಮಸಾಲೆ ಹಾಕೂಕಿಂತ ಮೊದ್ಲು ಕಾಲು…” ಎಂದು ಏನೋ ಹೇಳಲು ಹೊರಟಿದ್ದಳು. “ನಂಗೆಲ್ಲಾ ಗೊತ್ತದೆ” ಎಂದು ಫೋನಿಟ್ಟೆ. ಊಟಕ್ಕೆ ಕೂತು ಮೊದಲ ಕಾಲನ್ನು ಎಡದವಡೆಗೆ ಕೊಟ್ಟು ಕಚ್ಚಿದೆ. ಕಟ್ ಎಂದಿತು. ಒಡೆಯಿತು ಎಂದುಕೊಂಡು ಹೊರತೆಗೆದು ನೋಡಿದರೆ ಏಡಿಯ ಕಾಲು ಇದ್ದ ಹಾಗೇ ಇತ್ತು.

ಡಾಕ್ಟರರ ಹತ್ತಿರ ಹೋದರೆ ಹಲ್ಲು ಕೀಳುತ್ತಾರೆ. ಬಲಗಡೆಯ ದವಡೆಹಲ್ಲುಗಳು ಎಂದೋ ಹೋಗಿವೆ. ಎಡಗಡೆಯದೂ ಹೋದರೆ ಅವ್ವನಿಗೆ ಏಡಿ ಒಡೆದು ಕೊಡುವವರು ಯಾರು? ಈ ಒಂದು ಪ್ರಶ್ನೆಗೆ ಹೆದರಿ ನನ್ನ ಚಿಕಿತ್ಸೆಯನ್ನು ನಾನೇ ವಹಿಸಿಕೊಂಡೆ.

ನಮ್ಮ ಕರಾವಳಿಯಲ್ಲಿ ಹಲ್ಲುನೋವಿಗೆ ಔಷಧ ಹೇಳದವರು ಯಾರೂ ಇಲ್ಲ. ಹೊಟ್ಟೆನೋವು ಎಂದರೆ ‘ತೋರಿಸ್ಕಂಡು ಬನ್ನಿ’ ಎನ್ನುವವರು ಹಲ್ಲುನೋವು ಎಂದೊಡನೆ ತಾವೇ ಬಾಗಿಲು ತೆರೆದ ದವಾಖಾನೆಯಾಗುತ್ತಾರೆ. ಮೀನು ತರುವ ಪಾರ್ವತಿ ಬುಟ್ಟಿ ಇಳಿಸುವ ಮೊದಲೇ ನನ್ನ ಕೆನ್ನೆ ನೋಡಿದಳು.

“ಮಾಸ್ತರ್ರೆ, ಮೋರೆ ಯಂತಕೆ ಒಂದ್ಬದಿಗೆ ಊದಕಂಡದೆ? ಹುಳ ಆಗದೆ. ಗುಳ್ಳದ ಬೀಜದ ಹೊಗೆ ತಕಣಿ. ಹುಳ ಪಟಪಟ ಬೀಳ್ತದೆ.”

ಹಲ್ಲಿನಲ್ಲಿ ಹುಳವಿರುವುದಿಲ್ಲ ಎಂದು ಪಾಠ ಮಾಡುವವನು ನಾನೇ. ಆದರೂ ಹಿತ್ತಲಲ್ಲಿ ಕೆಂಡದ ಮೇಲೆ ಗುಳ್ಳಬದನೆಯ ಬೀಜ ಹಾಕಿ, ತೆಂಗಿನ ಗರಟೆ ಮುಚ್ಚಿ, ಅದರ ಕಣ್ಣಿನಿಂದ ಬರುವ ಹೊಗೆಗೆ ಬಾಯಿತೆರೆದು ಕೂತೆ. ಒಂದು ಹುಳವೂ ಬೀಳಲಿಲ್ಲ. ನನಗೆ ಬೇಸರವಾದದ್ದು ನಿಜ. ಎರಡಾದರೂ ಬಿದ್ದಿದ್ದರೆ ಪಾಠ ತಿದ್ದಿಕೊಳ್ಳಲು ಸಿದ್ಧನಿದ್ದೆ.

ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಕೆಮ್ಮಿನ ಔಷಧದ ಬಾಟಲಿಯಲ್ಲಿ ಗೋವಾದ ಗೇರು ಫೆನ್ನಿ ತಂದುಕೊಟ್ಟರು. ಹತ್ತಿ ಅದ್ದಿ ಹಲ್ಲಿನ ಮೇಲೆ ಇಡಬೇಕು, ನುಂಗಬಾರದು ಎಂಬ ಪಥ್ಯವನ್ನೂ ಹೇಳಿದರು. ಭಾನುವಾರ ಬೆಳಿಗ್ಗೆ ಮೊದಲ ಹತ್ತಿಯನ್ನು ಶಾಸ್ತ್ರೋಕ್ತವಾಗಿ ಇಟ್ಟೆ. ಎರಡನೆಯದನ್ನು ಸ್ವಲ್ಪ ಚೀಪಿದೆ. ನಾಲ್ಕನೆಯ ಸಲಕ್ಕೆ ಹತ್ತಿಯ ಅಗತ್ಯ ಕಾಣಲಿಲ್ಲ. ನೋವು ಹೋಗಲಿಲ್ಲ, ಅದರ ಮೇಲಿನ ಸಿಟ್ಟು ಹೋಯಿತು.

ಕಾರವಾರದ ಒಂದು ಮೆಡಿಕಲ್ ಶಾಪಿನಲ್ಲಿ ಹಲ್ಲುನೋವು ಎಂದೆ. ಅಂಗಡಿಯವರು ಗಂಭೀರವಾಗಿ “ಎಡವೋ, ಬಲವೋ?” ಎಂದರು. “ಎಡ” ಎಂದೆ. “ಮೇಲೋ, ಕೆಳಗೋ?” “ಕೆಳಗೆ.” ಒಂದು ಮಾತ್ರೆ ಕೊಟ್ಟರು. ಇಷ್ಟು ವಿಚಾರಿಸಿ ಕೊಟ್ಟಿದ್ದಾರಲ್ಲ ಎಂದು ಭಕ್ತಿಯಿಂದ ತೆಗೆದುಕೊಳ್ಳುವಷ್ಟರಲ್ಲಿ, ನನ್ನ ಹಿಂದೆ ನಿಂತಿದ್ದವರು ಬಲಗಡೆ ಮೇಲಿನ ಹಲ್ಲು ಎಂದರು. ಅವರಿಗೂ ಅದೇ ಮಾತ್ರೆ ಸಿಕ್ಕಿತು.

ಈ ನಡುವೆ ತರಗತಿಯಲ್ಲಿ ಏಡಿಯ ಪಾಠವೂ ಬಂತು. ಏಡಿಗೆ ಹಲ್ಲುಗಳಿರುವುದು ಹೊಟ್ಟೆಯೊಳಗೆ, ಗೊತ್ತೇ? ತಿಂದದ್ದು ಜಠರಕ್ಕೆ ಹೋದ ಮೇಲೆ ಅಲ್ಲಿ ಅರೆಯಲ್ಪಡುತ್ತದೆ. ಅದನ್ನು ಹೇಳುತ್ತ ನನಗೆ ವಿಚಿತ್ರ ಅಸೂಯೆಯಾಯಿತು. ಹೊಟ್ಟೆಯೊಳಗಿನ ಹಲ್ಲಿಗೆ ಯಾವ ಪಾರ್ವತಿಯೂ ಹೊಗೆ ಹಾಕಿಸಲಾರಳು. ಏಡಿಯನ್ನು ಹಲ್ಲಿನಿಂದ ಒಡೆಯಹೊರಟ ನನ್ನನ್ನು ನೋಡಿ ಅದು ಒಳಗೊಳಗೇ ಹಲ್ಲುಕಿರಿದಿದ್ದರೆ ಆಶ್ಚರ್ಯವಿಲ್ಲ.

ಮೂರು ವಾರ ಹೀಗೆ ಕಳೆಯಿತು. ತವರಿನಿಂದ ಬಂದ ದಿನದಿಂದ ಶೈಲಾ ಡಾಕ್ಟರರಿಗೆ ತೋರಿಸಿ ಎಂದು ಹೇಳುತ್ತಲೇ ಇದ್ದಳು. ಕೊನೆಗೊಂದು ಬೆಳಿಗ್ಗೆ ಕಣ್ಣೇ ತೆರೆಯಲಾರದಷ್ಟು ಬಾವು ಬಂದಾಗ ಅವಳೇ ಕೈಹಿಡಿದು ಬಸ್ಸು ಹತ್ತಿಸಿ ಅಂಕೋಲೆಗೆ ಕರೆದೊಯ್ದಳು. ದಂತವೈದ್ಯೆ ನನ್ನ ಮಗಳ ವಯಸ್ಸಿನ ಹುಡುಗಿ. ಬಾಯೊಳಗೆ ಪುಟ್ಟ ಕನ್ನಡಿ ಇಳಿಸಿ ಮೇಲೂ ಕೆಳಗೂ ನೋಡಿದಳು.

“ಸರ್, ಈ ಕೆಳಗಿನ ಹಲ್ಲಿಗೆ ನೀವು ಯಂತ ಯಂತ ಹಾಕಿದ್ರಿ? ವಸಡೆಲ್ಲ ಸುಟ್ಟ್ಹೋಗದೆ.”

ಎಲ್ಲವನ್ನೂ ಒಪ್ಪಿಕೊಂಡೆ, ಫೆನ್ನಿಯೊಂದನ್ನು ಬಿಟ್ಟು.

“ಕೆಳಗಿನ ಹಲ್ಲು ಗಟ್ಟಿ ಅದೆ, ಸರ್. ಸೀಳಿದ್ದು ಮೇಲಿನ ಹಲ್ಲು. ಒಮ್ಮೊಮ್ಮೆ ನೋವು ಒಂದ್ಕಡೆ ಇದ್ದು ಇನ್ನೊಂದ್ಕಡೆ ಕಾಣ್ತದೆ. ಆವತ್ತೇ ಬಂದಿದ್ರೆ ಉಳಿಸೂಕೆ ಆಗ್ತಿತ್ತೇನ.”

ಆ ಕೊನೆಯ ಮಾತು ಸೂಜಿಗಿಂತ ಹೆಚ್ಚು ಚುಚ್ಚಿತು. ಹಲ್ಲು ಉಳಿಸಿಕೊಳ್ಳಲೆಂದು ನಡೆಸಿದ ವೈದ್ಯವೇ ಹಲ್ಲನ್ನು ಕಳೆದಿತ್ತು. ಅದೂ ಬೇರೆ ಹಲ್ಲಿಗೆ ಮಾಡಿದ ವೈದ್ಯ. ಕಿತ್ತ ಹಲ್ಲನ್ನು ಅವಳು ತೋರಿಸಿದಾಗ ನನಗೆ ಅಳು ಬಂತು. ಮರಗಟ್ಟಿಸುವ ಔಷಧಕ್ಕೆ ಕಣ್ಣಲ್ಲಿ ನೀರು ಬರುತ್ತಿದೆ ಎಂದು ಶೈಲಾಗೆ ಹೇಳಿದೆ.

ಹದಿನೈದು ದಿನ ಗಂಜಿ ಕುಡಿದ ಮೇಲೆ ಒಂದು ಭಾನುವಾರ ಮನೆಯಲ್ಲಿ ಏಡಿಯ ಸಾರು. ನಾನು ಪದವಿ ಕಳೆದುಕೊಂಡವನ ಹಾಗೆ ತಲೆತಗ್ಗಿಸಿ ಕೂತಿದ್ದೆ. “ಅವ್ವ, ಇನ್ನು ನಿಂಗೆ ಒಡೆದು ಕೊಡೂಕೆ ನನ್ನ ಹತ್ರ ಆಗೂದಿಲ್ಲ” ಎಂದೆ.

ಬಡಿಸುತ್ತಿದ್ದ ಶೈಲಾ ಸೌಟು ಹಿಡಿದೇ ನಕ್ಕಳು. ಒಂದು ಕಾಲನ್ನೆತ್ತಿ ಮಗುಚಿ ತೋರಿಸಿದಳು. ಅಡಿಬದಿಯಲ್ಲಿ ಸಣ್ಣದಾಗಿ ಬಿರುಕು.

“ಮಸಾಲೆ ಒಳಗಿಳೀಲಿ ಅಂತ ಕತ್ತಿ ಬೆನ್ನಲ್ಲಿ ಒಂದೊಂದ್ ಪೆಟ್ಟು ಹಾಕೇ ಬೇಯ್ಸೂದು. ಆವತ್ತು ಫೋನಲ್ಲಿ ಅದನ್ನೇ ಹೇಳೂಕೆ ಹೊರಟಿದ್ದೆ. ನಿಮ್ಗೆ ಎಲ್ಲಾ ಗೊತ್ತಿತ್ತಲ್ಲ!”

ಇಪ್ಪತ್ತಾರು ವರ್ಷ ನಾನು ಒಡೆದದ್ದು ಒಡೆದ ಕಾಲುಗಳನ್ನು! ಸಮಾಧಾನಕ್ಕಾಗಿ ಅವ್ವನ ಕಡೆ ನೋಡಿದೆ. “ಅಪ್ಪ ಹಾಗಲ್ಲ, ಅಲ್ದಾ? ಅಪ್ಪ ಗಟ್ಟಿ ಕಾಲನ್ನೇ ಒಡೀತಿದ್ದ…”

“ನಿನ್ನ ಅಪ್ಪಂದೂ ನಾ ಜಜ್ಜಿದ್ದೇ ತಮಾ,” ಎಂದಳು ಅವ್ವ, ಬೊಚ್ಚುಬಾಯಿ ತುಂಬ ನಗುತ್ತ. “ಅವರು ಒಡ್ದು ತಟ್ಟೆಗೆ ಹಾಕೂದು ನೋಡೂಕೆ ಚಂದ ಇರ್ತಿತ್ತು. ಅದನ್ನ ಯಂತಕೆ ಹಾಳು ಮಾಡೂದು?”

“ಮತ್ತೆ ಆವತ್ತು ನಾ ಕಚ್ಚೂವಾಗ ಹೇಳೂಕೆ ಆಗ್ಲಿಲ್ವಾ?”

“ಹೇಳ್ಬೇಕು ಅಂತ ಬಾಯಿ ತೆಗ್ದೆ. ನೀನು ನಂಗೆ ಅಂತ ಅಷ್ಟು ಖುಷಿಲಿ ಕಚ್ತಾ ಇದ್ದೆ…”

ಆಮೇಲೆ ಅವ್ವ ತನ್ನ ತಟ್ಟೆಯಿಂದ ಎಲ್ಲಕ್ಕಿಂತ ದೊಡ್ಡ ಕಾಲನ್ನು ಆರಿಸಿ ನನ್ನ ಕೈಗೆ ಕೊಟ್ಟಳು. ದವಡೆಹಲ್ಲು ಇಲ್ಲದಿದ್ದರೇನು, ಮುಂದಿನ ಹಲ್ಲುಗಳಿವೆಯಲ್ಲ. ಬಿರುಕಿನ ಬದಿಯನ್ನು ಹುಡುಕಿ ಮೆಲ್ಲಗೆ ಒತ್ತಿದೆ. ಕಾಲು ಬಾಯಿಬಿಟ್ಟಿತು. ಬಿಳಿ ಮಾಂಸವನ್ನು ಅವಳ ತಟ್ಟೆಗೆ ಹಾಕಿದೆ.

“ಥೇಟು ನಿನ್ನ ಅಪ್ಪನ ಹಾಂಗೇ,” ಎಂದಳು ಅವ್ವ.