ಹಂಪಕ್ಕನ ಕೈ, ಹಾಲೇಶಪ್ಪನ ಮೊಟ್ಟೆ

ಹಂಪಕ್ಕನನ್ನು ಸರಕಿನಂತೆ ಎದುರಿಗಿಟ್ಟು ನೋಡಿದರೆ ಮೊದಲ ನೋಟಕ್ಕೆ ಯಾರೂ ಕೊಳ್ಳುವುದಿಲ್ಲ. ವಯಸ್ಸು ಐವತ್ತೆರಡು. ಎತ್ತರ ಟ್ರ್ಯಾಕ್ಟರಿನ ಹಿಂದಿನ ಟೈರಿಗಿಂತ ನಾಲ್ಕು ಬೆರಳು ಕಡಿಮೆ. ತೂಕ ಒಂದು ಸಿಮೆಂಟ್ ಚೀಲ, ಅದೂ ಅಲ್ಲಲ್ಲಿ ಸೋರಿದ್ದು. ಬಲಗೈ ಹೆಬ್ಬೆರಳಿನ ಉಗುರು ಹೋದ ವರ್ಷದಿಂದ ಕಪ್ಪು. ಮಾತು ಕಡಿಮೆ, ಇರುವ ಮಾತಿಗೂ ಎಣ್ಣೆ ಹಾಕಿಲ್ಲ. ಆದರೆ ಕೂಡ್ಲಿಗಿಯಲ್ಲಿ ಬೈಕಿನ ಟೈರು ಕೊಳ್ಳಲು ಬಂದವನು ಟೈರಿನ ಹೆಸರು ಕೇಳುವ ಮೊದಲು "ಹಂಪಕ್ಕ ಅದಾಳೇನ್ರಿ?" ಅಂತ ಕೇಳುತ್ತಾನೆ. ಇಲ್ಲ ಅಂದರೆ ಸಂಜೆ ಬರುತ್ತೇನೆ ಅನ್ನುತ್ತಾನೆ. ಹಾಗಂದವರು ಸಂಜೆ ಬಂದದ್ದು ಕಡಿಮೆ.

ಇದನ್ನು ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡವನು ಟೈರ್ ಅಂಗಡಿಯ ಕೊಟ್ರಸ್ವಾಮಿ. ಹಂಪಕ್ಕ ಕೆಲಸ ಮಾಡುವುದು ಅವನ ಅಂಗಡಿ ಮುಂದಿನ ತಗಡಿನ ನೆರಳಿನಲ್ಲೇ. ಇದನ್ನು ಬರೆಯುತ್ತಿರುವವನೂ ಅವನೇ. ತನ್ನನ್ನು 'ಅವನು' ಅಂತ ಬರೆದುಕೊಂಡರೆ ರಿಯಾಯಿತಿ ಕೊಡುವ ಮನಸ್ಸಾಗುವುದಿಲ್ಲ, ಅದಕ್ಕೆ ಹೀಗೆ.

ಇಪ್ಪತ್ತೊಂದು ವರ್ಷದ ಹಿಂದೆ ಆ ತಗಡಿನ ಕೆಳಗೆ ಪಂಚರ್ ಹಾಕುತ್ತಿದ್ದವನು ಹಂಪಕ್ಕನ ಗಂಡ ಗಾದೆಪ್ಪ. ಲಾರಿ ಓಡಿಸುವ ಆಸೆ ಹತ್ತಿ, "ಒಂದು ವಾರ ನೋಡ್ಕೋ, ಬರ್ತೀನಿ" ಅಂತ ಹೆಂಡತಿಯನ್ನು ಕೂರಿಸಿ ಹೋದ. ಎಂಟನೇ ದಿನ ಬಂದು ನೋಡಿದರೆ ಸಾಮಾನೆಲ್ಲ ಅವಳ ಕೈಗೆ ಸಿಗುವಂತೆ ಜಾಗ ಬದಲಿಸಿದ್ದವು.

"ನನ್ನ ಸುತ್ತಿಗಿ ಎಲ್ಲೈತಿ?" ಅಂದ.

"ನಿನ್ನ ಲಾರಿ ಎಲ್ಲೈತಿ?" ಅಂದಳು.

ಗಾದೆಪ್ಪ ಇವತ್ತಿಗೂ ಲಾರಿಯಲ್ಲೇ ಇದ್ದಾನೆ.

ನಮ್ಮ ಕಡೆ ಹೊಸ ಟೈರನ್ನು ಹಾಗೇ ಹಾಕಿಸಿಕೊಳ್ಳುವವರು ಅಪರೂಪ. ಹೊಲದ ದಾರಿ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಹೊಸದು ಹಳೆಯದು ಅನ್ನುವ ಭೇದವಿಲ್ಲ. ಅದಕ್ಕೆ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಒಳಪಟ್ಟಿಯಾಗಿ ಸುತ್ತುತ್ತಾರೆ. ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಬರುವ ಕಡೆ ಹಂಪಕ್ಕ ಬ್ಲೇಡು ಹಿಡಿದು ಹೆರೆಯುತ್ತಾಳೆ, ಹಪ್ಪಳಕ್ಕಿಂತ ತೆಳುವಾಗುವವರೆಗೂ ಬಿಡುವುದಿಲ್ಲ. ಅಷ್ಟಕ್ಕೇ ಅರ್ಧ ತಾಸು. ಆ ಅರ್ಧ ತಾಸು ಕೊಟ್ರಸ್ವಾಮಿಗೆ ದಂಡ ಅನ್ನಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಹಂಪಕ್ಕ ಎರಡು ದಿನ ತವರಿಗೆ, ಹಿರೇಹಡಗಲಿಗೆ ಹೋದಳು. ಅವತ್ತೇ ಗುಡೇಕೋಟೆಯ ಹಾಲೇಶಪ್ಪ ಬಂದ. ಫಾರಂನಿಂದ ಮೊಟ್ಟೆ ತಂದು ಹಳ್ಳಿ ಅಂಗಡಿಗಳಿಗೆ ಹಾಕುವವನು. ಬೈಕಿನ ಹಿಂದೆ ಹತ್ತು ಟ್ರೇ, ಮುನ್ನೂರು ಮೊಟ್ಟೆ. ಎರಡೂ ಟೈರು ಬದಲಿಸಬೇಕಿತ್ತು. ಮಾಮೂಲಿ ಪ್ರಶ್ನೆ ಕೇಳಿದ.

"ಊಟಕ್ಕ ಹೋಗ್ಯಾಳ. ಗಾಡಿ ಬಿಟ್ಟು ಸಂತಿ ಮುಗಿಸ್ಕೊಂಡು ಬರ್ರಿ" ಎಂದ ಕೊಟ್ರಸ್ವಾಮಿ.

ಹಾಲೇಶಪ್ಪ ಅತ್ತ ಹೋದದ್ದೇ ತಡ, ಇವನು ಅಂಗಿಯ ತೋಳು ಮಡಚಿದ. ಇಪ್ಪತ್ತೊಂದು ವರ್ಷ ನೋಡಿದ ಕೆಲಸ, ಬಾರದೆ ಏನು? ಮುಂದಿನ ಚಕ್ರಕ್ಕೆ ಬರೀ ಟ್ಯೂಬು, ಹಿಂದಿನದಕ್ಕೆ ಒಳಪಟ್ಟಿ. ಹೆರೆಯುವ ಗೋಜಿಗೇ ಹೋಗಲಿಲ್ಲ. ಮುಕ್ಕಾಲು ತಾಸಿನಲ್ಲಿ ಕೆಲಸ ಮುಗಿಸಿ, ಹಾಲೇಶಪ್ಪ ಬಂದಾಗ "ಹಂಪಕ್ಕನೇ ಹಾಕಿ ಹೋದ್ಲು ನೋಡ್ರಿ" ಎಂದ.

ನಾಲ್ಕನೇ ದಿನ ಹಾಲೇಶಪ್ಪ ವಾಪಸ್ ಬಂದ. ಹಂಪಕ್ಕ ಊರಿಂದ ಬಂದು ಕೂತಿದ್ದಳು. ಆಟೋ ದುರುಗೇಶ ಗಾಳಿ ಹಾಕಿಸಲು ಬಂದು ನಿಂತಿದ್ದ.

"ಏನವ್ವ ಹಂಪಕ್ಕ, ಸಂತಿ ದಿನ ಗಾಡಿ ಮಾಡಿಕೊಟ್ಟಿಯೋ, ಕುದುರಿ ಮಾಡಿಕೊಟ್ಟಿಯೋ? ಒಂದೇ ಸಮ ಕುಣಿತೈತಿ. ದಿನಾ ಇಪ್ಪತ್ತು ಮೊಟ್ಟಿ ಒಡಿತಾವ. ಮನ್ಯಾಗ ಮೂರು ಹೊತ್ತೂ ಆಮ್ಲೆಟ್ಟು."

"ವಯಸ್ಸಾತು ಬಿಡ್ರಿ" ಎಂದ ದುರುಗೇಶ. "ಕಣ್ಣು ಕಾಣಲ್ಲ ಅನ್ನಾಕ ನಾಚಿಕಿ."

ಹಂಪಕ್ಕ ಬೈಕನ್ನು ನೋಡಿದಳು, ಆಮೇಲೆ ಕೊಟ್ರಸ್ವಾಮಿಯನ್ನು ನೋಡಿದಳು. ಸಂತೆಯ ದಿನ ತಾನು ಊರಲ್ಲೇ ಇರಲಿಲ್ಲ. ಕೊಟ್ರಸ್ವಾಮಿ ಗಲ್ಲಾದ ಹಿಂದೆ ಟ್ಯೂಬಿನ ಡಬ್ಬಿಗಳನ್ನು ಎಣಿಸತೊಡಗಿದ. ಬೆಳಿಗ್ಗೆಯೇ ಎಣಿಸಿದ ಡಬ್ಬಿಗಳು. ಈ ದೂರು ಗುಡೇಕೋಟೆಗೆ ಮುಟ್ಟಿ, ಅಲ್ಲಿಂದ ಹಳ್ಳಿ ಹಳ್ಳಿಯ ಅಂಗಡಿಗೆ ಮೊಟ್ಟೆಯ ಜೊತೆ ಹೋದರೆ, ಮಣ್ಣುಪಾಲಾಗುವುದು ಅವಳ ಹೆಸರು. ಇಬ್ಬರಿಗೂ ಅದು ಗೊತ್ತಿತ್ತು.

ನಾನು ಊರಾಗ ಇರಲಿಲ್ಲ ಅಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಾಡಿ ಯಾಕೆ ಕುಣಿಯುತ್ತದೆ ಅನ್ನುವುದು ಹಾಗೇ ಉಳಿಯುತ್ತಿತ್ತು, ಅದು ಅವಳಿಗಾಗದ ಮಾತು.

"ಎಲ್ಲಿ ಬಡಿತೈತ್ರಿ? ಕೈಗೋ, ಕುಂಡಿಗೋ?"

ದುರುಗೇಶ ಕಿಸಕ್ಕನೆ ನಕ್ಕ.

"ನಗಬ್ಯಾಡಲೇ. ಕೈಗೆ ಬಡದ್ರ ಮುಂದಿನ ಚಕ್ರ, ಕುಂಡಿಗೆ ಬಡದ್ರ ಹಿಂದಿಂದು."

"ಎರಡನೇದು" ಎಂದ ಹಾಲೇಶಪ್ಪ, ಬಹಳ ಗಂಭೀರವಾಗಿ.

"ನಿಧಾನ ಹೋದ್ರೂ ಬಡಿತೈತೇನು?"

"ನಿಧಾನ ಹೋದ್ರ ನಿಧಾನಕ ಬಡಿತೈತಿ, ಜೋರು ಹೋದ್ರ ಜೋರು."

"ಅಂದ್ರ ಚಕ್ರ ತಿರುಗಿದಷ್ಟು ಸಲ. ರೋಡಿಂದಲ್ಲ, ಚಕ್ರದ್ದೇ."

ಮೊಟ್ಟೆಯ ಟ್ರೇಗಳನ್ನು ಇಳಿಸಿ ಬೈಕನ್ನು ನಡು ಸ್ಟ್ಯಾಂಡಿಗೆ ಏರಿಸಿದಳು. ಟೈರಿನ ಬಾಣದ ಗುರುತು ಓಡುವ ದಿಕ್ಕಿಗೇ ಇತ್ತು. ಚೈನು ಬಿಗಿ ಮಾಡುವ ಕಡೆಯ ಗೀಟುಗಳು ಎರಡೂ ಬದಿ ಸಮ. ಟೈರು ರಿಮ್ಮಿನೊಳಗೆ ಸುತ್ತಲೂ ಒಂದೇ ಸಮ ಕೂತಿತ್ತು. ಆಮೇಲೆ ಸೀಮೆಸುಣ್ಣದ ತುಂಡು ತಗೊಂಡು, ಮೊಣಕೈಯನ್ನು ಮೊಣಕಾಲಿಗೆ ಊರಿ, ಕೂದಲೆಳೆಯಷ್ಟು ದೂರದಲ್ಲಿ ಹಿಡಿದು ಚಕ್ರ ತಿರುಗಿಸಿದಳು. ರಿಮ್ಮಿಗೆ ಹಿಡಿದರೆ ಎಲ್ಲೂ ತಾಗಲಿಲ್ಲ. ಟೈರಿಗೆ ಹಿಡಿದರೆ ಸುತ್ತಿಗೊಮ್ಮೆ ಸರ್ ಅಂತ ತಾಗಿತು. ಒಂದೇ ಕಡೆ, ಗೇಣುದ್ದ ಬಿಳಿ ಗೀಟು.

"ಟೈರೇ ಉಬ್ಬೈತಿ. ಕಂಪನೀದೇ ತಪ್ಪಿರಬೇಕು." ಗಲ್ಲಾದ ಕಡೆಯಿಂದ ದನಿ ಬಂತು.

"ಬಿಚ್ಚಿದ ಮ್ಯಾಲ ಹೇಳೋಣ, ಅಯ್ಯನೋರ. ಕಂಪನಿಯೋರು ಇಲ್ಲಿಲ್ಲ, ಜವಾಬು ಕೊಡಾಕ."

ಬಿಚ್ಚಿದಳು. ಸೀಮೆಸುಣ್ಣ ತಾಗಿದ ಜಾಗದ ಒಳಗೇ ಪಟ್ಟಿಯ ಎರಡು ತುದಿ ಒಂದರ ಮೇಲೊಂದು ದಪ್ಪಗೆ ಮಲಗಿದ್ದವು. ಬ್ಲೇಡು ಸೋಕಿರಲಿಲ್ಲ. ಪಟ್ಟಿಯನ್ನು ಎತ್ತಿ ಹಿಡಿದು ಹಾಲೇಶಪ್ಪನಿಗೆ ತೋರಿಸಿದಳು.

"ಇದು ನನ್ನ ಕೈ ಅಲ್ಲ."

"ಮತ್ಯಾರದು?"

"ಹೇಳೋರು ಹೇಳ್ತಾರ. ಮದ್ಲು ನಿಮ್ಮ ಮೊಟ್ಟಿ ನೋಡೋಣ."

ಹೇಳಬೇಕಾದವನು ಇನ್ನೊಂದು ಸಾಲು ಡಬ್ಬಿ ಕೆಳಗಿಳಿಸಿದ.

ಅರ್ಧ ತಾಸು ಹೆರೆದಳು. ಎಲ್ಲ ಸೇರಿಸಿ, ಗಾಳಿ ಹಾಕಿ, ಮತ್ತೆ ಸೀಮೆಸುಣ್ಣ ಹಿಡಿದಳು, ತಾಗಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಅವಳು ಹಂಪಕ್ಕ ಆಗುತ್ತಿರಲಿಲ್ಲ.

"ಒಂದು ಟ್ರೇ ಕ್ಯಾರಿಯರಿಗೆ ಕಟ್ರಿ. ಕೆಳಗ ಹಾಸೀರಲ್ಲ, ಆ ಗೋಣಿಚೀಲ ತಗೀರಿ. ನಾನೂ ಹಿಂದ ಕೂಡ್ತೀನಿ, ಬೈಪಾಸ್ ತನ ಹೋಗಿ ಬರೋಣ. ಒಂದು ಮೊಟ್ಟಿ ಒಡದ್ರೂ ನಾಳಿಂದ ಪಾನಾ, ಸುತ್ತಿಗಿ ಮುಟ್ಟಲ್ಲ."

"ಬ್ಯಾಡ ಅಕ್ಕ" ಎಂದ ದುರುಗೇಶ. ಈಗ ಅವನು ನಗುತ್ತಿರಲಿಲ್ಲ.

ಹೋದರು. ಕೊಟ್ರಸ್ವಾಮಿ ಡಬ್ಬಿ ಬಿಟ್ಟು ರಸ್ತೆಗೆ ಬಂದು ನಿಂತ. ಕಾಲು ತಾಸಿಗೆ ಬೈಕು ತಿರುಗಿ ಬಂತು. ಹಂಪಕ್ಕ ಸೀಟಿನಲ್ಲಿ ಒಂದು ಕಡೆ ಕಾಲು ಹಾಕಿ, ಕೈ ಎಲ್ಲೂ ಹಿಡಿಯದೆ, ಮನೆಯ ಕಟ್ಟೆ ಮೇಲೆ ಕೂತಂತೆ ಕೂತಿದ್ದಳು. ದುರುಗೇಶ ಎರಡು ಸಲ ನೋಡಿದ. ಮೂವತ್ತಕ್ಕೆ ಮೂವತ್ತೂ ಇಡಿಯಾಗಿದ್ದವು.

"ಬೆಣ್ಯಾಗ ಹೋದಂಗ ಹೋತವ್ವ" ಎಂದ ಹಾಲೇಶಪ್ಪ. "ವಯಸ್ಸಾದ ಮ್ಯಾಲ ಒಂದೊಂದು ಸಲ ಕೈ ತಪ್ಪತೈತಿ, ಬ್ಯಾಸರ ಮಾಡ್ಕೋಬ್ಯಾಡ. ಸರಿ ಮಾಡಿಕೊಟ್ಟೆಲ್ಲ, ಅಷ್ಟು ಸಾಕು."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ಹಂಪಕ್ಕ ಮತ್ತೊಮ್ಮೆ ಕೊಟ್ರಸ್ವಾಮಿಯ ಮುಖ ನೋಡಿದಳು. ಅವನು ಬಾಯಿ ತೆರೆದ.

"ಚಹಾ ತರಿಸ್ಲೇನ್ರಿ?" ಎಂದ.

ಮರುದಿನ ಅವಳು ಹಳದಿ ಬಣ್ಣದ ಸಣ್ಣ ಡಬ್ಬಿಯೊಂದನ್ನು ತಂದಳು. ಅವತ್ತಿನಿಂದ ತಾನು ಹಾಕಿದ ಪ್ರತಿ ಚಕ್ರಕ್ಕೂ ಗಾಳಿ ಹಾಕುವ ಮೂತಿಯ ಪಕ್ಕ ಒಂದು ಹಳದಿ ಬೊಟ್ಟು. "ಇದ್ಯಾಕ?" ಅಂದರೆ, "ಯಾರ ಕೈ ಅಂತ ಗೊತ್ತಾಗಲಿ" ಅಂದಳು. ಈಗ ಕೊಟ್ಟೂರಿನಿಂದಲೂ ಹರಪನಹಳ್ಳಿಯಿಂದಲೂ ಹಳದಿ ಬೊಟ್ಟು ಬೇಕು ಅಂತ ಬರುತ್ತಾರೆ. ಮೊನ್ನೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಸಾಲಾಗಿ ನಿಂತ ಬೈಕುಗಳಲ್ಲಿ ಅಂಥವು ಏಳು ಕಂಡವು. ಕೊಟ್ರಸ್ವಾಮಿ ಬಸ್ಸು ಬಂದರೂ ಹತ್ತದೆ ಇನ್ನೊಂದು ಸಲ ನೋಡಿಕೊಂಡು ಬಂದ. ತನ್ನ ಅಂಗಡಿಯ ಬೋರ್ಡನ್ನು ಅವನು ಯಾವತ್ತೂ ಅಷ್ಟು ಹೆಮ್ಮೆಯಿಂದ ನೋಡಿದ್ದಿಲ್ಲ.

ಹಾಲೇಶಪ್ಪನ ಬೈಕಿಗೆ ಸಂತೆಯ ದಿನ ಟೈರು ಹಾಕಿದವನು ಕೊಟ್ರಸ್ವಾಮಿ, ಹಂಪಕ್ಕ ಅಲ್ಲ. ಈ ಮಾತನ್ನು ಹಾಲೇಶಪ್ಪನಿಗೂ ದುರುಗೇಶನಿಗೂ ಅವಳ ಎದುರಿಗೇ ಹೇಳಬೇಕು. ಅವನು ಅವಳಿಗೆ ಕೊಡಬೇಕಾದ್ದು ಅದು, ಇನ್ನೂ ಕೊಟ್ಟಿಲ್ಲ.